ಸೆಪ್ಟೆಂಬರ್ 17ರ ಭಾಷಣಗಳು

ಸೆಪ್ಟೆಂಬರ್ 17 ಬಂತೆಂದರೆ ಯಾದಗಿರಿಯಲ್ಲಿ ಬಾವುಟ ಏರುತ್ತದೆ. ಶಹಾಪುರ, ಸುರಪುರದಲ್ಲೂ ಅದೇ ಸಡಗರ. 1948ರಲ್ಲಿ ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದ ದಿನವಿದು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ವಿಮೋಚನಾ ದಿನ ಉತ್ಸವವಾಯಿತು. ಭಾಷಣದ ಧಾಟಿ ಮಾತ್ರ ಬದಲಾಗಲಿಲ್ಲ. ಬಿಜೆಪಿಯವರ ಮಾತಿನಲ್ಲಿ ಈ ನೆಲವನ್ನು ಬಿಡಿಸಿದವರು ಪಟೇಲರೊಬ್ಬರೇ, ನೆಹರೂ ಅಡ್ಡಗಾಲು. ಕಾಂಗ್ರೆಸ್ಸಿನವರ ಮಾತಿನಲ್ಲಿ ಎಲ್ಲವೂ ನೆಹರೂ ಸರ್ಕಾರದ ಸಾಧನೆ, ಪಟೇಲರೂ ತಮ್ಮವರೇ.

ಹೈದರಾಬಾದಿಗೆ ಸೈನ್ಯ ಕಳಿಸಲು ನೆಹರೂ ಹಿಂದೆಮುಂದೆ ನೋಡಿದ್ದು, ಪಟೇಲರು ಪಟ್ಟು ಹಿಡಿದದ್ದು ನಿಜ. ಸೆಪ್ಟೆಂಬರ್ 13ರಂದು ಸೈನ್ಯ ಗಡಿ ದಾಟಿದಾಗ ಇಬ್ಬರೂ ಒಂದೇ ಸಂಪುಟದಲ್ಲಿದ್ದರು ಎಂಬುದೂ ಅಷ್ಟೇ ನಿಜ. ಅದೇ ವರ್ಷ ಫೆಬ್ರವರಿ 4ರಂದು ಆರೆಸ್ಸೆಸ್ ಮೇಲೆ ನಿಷೇಧ ಹೇರಿದಾಗ ಗೃಹ ಸಚಿವರಾಗಿದ್ದವರು ಪಟೇಲರೇ. ಬಿಜೆಪಿ ವೇದಿಕೆ ಈ ಸಾಲನ್ನು ಹಾರಿಸಿಬಿಡುತ್ತದೆ. 2022ರ ಸ್ವಾತಂತ್ರ್ಯೋತ್ಸವಕ್ಕೆ ಆಗಿನ ರಾಜ್ಯ ಸರ್ಕಾರ ಕೊಟ್ಟ ಜಾಹೀರಾತಿನಲ್ಲಂತೂ ಹೋರಾಟಗಾರರ ಸಾಲಿನಲ್ಲಿ ಸಾವರ್ಕರ್ ಇದ್ದರು, ನೆಹರೂ ಇರಲಿಲ್ಲ.

ಇನ್ನೂ ನೋವಿನ ಮಾತು ಬೇರೆಯೇ ಇದೆ. ಗೋರ್ಟಾದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಬೀದರ್ ಸೀಮೆ ಮರೆತಿಲ್ಲ, ಮರೆಯಲೂಬಾರದು. ಆದರೆ ‘ಪೊಲೀಸ್ ಕಾರ್ಯಾಚರಣೆ’ ಎನಿಸಿಕೊಂಡ ಆ ಸೈನಿಕ ಕ್ರಮದ ಸಮಯದಲ್ಲಿ ಮತ್ತು ಅದರ ನಂತರ ಸಂಸ್ಥಾನದಲ್ಲಿ ಕನಿಷ್ಠ 27,000ದಿಂದ 40,000 ಜನ ಸತ್ತರೆಂದು ಸುಂದರಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಯಾದಗಿರಿಯನ್ನು ಒಳಗೊಂಡಿದ್ದ ಅಂದಿನ ಗುಲಬರ್ಗಾವೂ ಒಂದು. ಸಮಿತಿಯನ್ನು ಕಳಿಸಿದ್ದು ನೆಹರೂ ಸರ್ಕಾರ, ವರದಿಯನ್ನು ಪ್ರಕಟಿಸದೆ ಇಟ್ಟದ್ದೂ ಅದೇ. ಒಬ್ಬರಿಗೆ ಪಟೇಲರ ಕೀರ್ತಿಗೆ ಕುಂದು ಬರಬಾರದು, ಇನ್ನೊಬ್ಬರಿಗೆ ನೆಹರೂ ಹೆಸರಿಗೆ. ನಡುವೆ ಸತ್ತವರ ಲೆಕ್ಕ ಯಾರಿಗೂ ಬೇಡವಾಯಿತು. ಈ ಆಚರಣೆಯ ದೊಡ್ಡ ದೋಷವೇ ಇದು.

ಈ ಸೀಮೆಯಲ್ಲಿ ಎಲ್ಲ ಹೆಸರೂ ಹೀಗೆ ಹಂಚಿಹೋಗಿಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರಿಗೆ ಈ ಜಗಳವಿಲ್ಲ. 1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟವರು ಅವರು. ಅಂದು ಶುರುವಾದ ಯೋಜನೆಯ ನೀರು ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರದ ಗದ್ದೆಗಳಿಗೆ ಹರಿಯುತ್ತಿದೆ.

ಸುರಪುರದ ರಾಜಾ ವೆಂಕಟಪ್ಪ ನಾಯಕರ ನೆನಪಂತೂ ಬೇರೆ ಬಗೆಯದು. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಕಾದಿದ ಈ ದೊರೆಗೆ ಎರಡೂ ಪಕ್ಷದವರು ಕೈಮುಗಿಯುತ್ತಾರೆ. 2024ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ರಾಜಾ ವೇಣುಗೋಪಾಲ ನಾಯಕ, ಬಿಜೆಪಿಯ ರಾಜೂಗೌಡ ಎದುರುಬದುರಾದರು. ಆಗಲೂ ದೊರೆಯ ಹೆಸರು ಹಂಚಿಹೋಗಲಿಲ್ಲ. ಹಾಗೆಂದು ಚರ್ಚೆಯೇ ಇಲ್ಲವೆಂದಲ್ಲ. ಸೆರೆಯಾಳಾಗಿ ಸಾಗುತ್ತಿದ್ದಾಗ ದೊರೆ ತಾನೇ ಗುಂಡು ಹಾರಿಸಿಕೊಂಡರೆಂದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದ. ಬ್ರಿಟಿಷರೇ ಕೊಂದರೆಂದು ಊರಿನ ಹಲವರು ನಂಬುತ್ತಾರೆ. ಟೇಲರ್ ಕಟ್ಟಿಸಿದ ಬಂಗಲೆ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಅಲ್ಲಿ ನಿಂತು ಈ ಸಾವಿನ ಬಗ್ಗೆ ವಾದಕ್ಕಿಳಿದವರನ್ನು ಯಾರೂ ಮೊದಲು ಯಾವ ಪಕ್ಷ ಎಂದು ಕೇಳುವುದಿಲ್ಲ, ಟೇಲರ್ ಬರೆದದ್ದನ್ನು ನಂಬಬಹುದೇ ಎಂದು ಕೇಳುತ್ತಾರೆ.