ತಲೆನೋವಿಗೆ ಕೊಡದ ಔಷಧ

ಕಸಾರಾ ಘಾಟಿ ಹತ್ತಿದರೆ ಇಗತಪುರಿ. ಅಲ್ಲಿ ಗುಡ್ಡದ ಮಗ್ಗುಲಿಗೆ ಧಮ್ಮಗಿರಿ. 1976ರಿಂದ ಇಲ್ಲಿ ವಿಪಶ್ಯನ ಧ್ಯಾನದ ಶಿಬಿರಗಳು ನಡೆಯುತ್ತಿವೆ. ನಸುಕಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ. ಹತ್ತು ದಿನದ ಶಿಬಿರ, ಬಾಯಿ ಬಿಡುವಂತಿಲ್ಲ. ಮೊದಲು ಮೂಗಿನ ತುದಿಯ ಉಸಿರು, ನಾಲ್ಕನೇ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಮೈಯ ಒಂದೊಂದೇ ಸಂವೇದನೆ.

ಧಮ್ಮಗಿರಿಯನ್ನು ಕಟ್ಟಿದ ಎಸ್. ಎನ್. ಗೋಯೆಂಕಾ ಬರ್ಮಾದಲ್ಲಿ ವ್ಯಾಪಾರಿಯಾಗಿದ್ದವರು. ಮೈಗ್ರೇನ್ ತಾಳಲಾರದೆ, ಮಾರ್ಫಿನ್ ಚುಚ್ಚಿಸಿಕೊಂಡು ಬೇಸತ್ತು, ಧ್ಯಾನ ಕಲಿಸುತ್ತಿದ್ದ ಸಯಾಜಿ ಊ ಬಾ ಖಿನ್ ಬಳಿ ಹೋದರು. ತಲೆನೋವು ವಾಸಿಯಾಗಲೆಂದೇ ಬರುವುದಾದರೆ ಸೇರಿಸಿಕೊಳ್ಳುವುದಿಲ್ಲ ಎಂದರಂತೆ ಗುರು. ಸಾಧನೆಯನ್ನು ಔಷಧದ ಮಟ್ಟಕ್ಕೆ ಇಳಿಸಬಾರದೆಂಬುದು ಅವರ ನಿಲುವು. 1955ರಲ್ಲಿ ಗೋಯೆಂಕಾ ಅದನ್ನು ಒಪ್ಪಿಯೇ ಕೂತರು.

ಆಮೇಲೆ ಬಂದ ಸಂಶೋಧನೆ ಧ್ಯಾನವನ್ನು ಔಷಧವನ್ನಾಗಿಯೇ ನೋಡಿತು. ಉದ್ದೇಶ ಒಳ್ಳೆಯದೇ. ಒತ್ತಡ ತಗ್ಗೀತೇ, ಸಿಟ್ಟು ಇಳಿದೀತೇ ಎಂದು ಅಳೆಯಿತು. 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರ ಕೈದಿಗಳು ವಿಪಶ್ಯನ ಶಿಬಿರಕ್ಕೆ ಒಟ್ಟಿಗೆ ಕೂತದ್ದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಎಷ್ಟು ಉಪಯೋಗವಾಯಿತು ಎಂದು ಕೇಳಿದವರೇ ಹೆಚ್ಚು. ಯಾರಿಗಾದರೂ ಕೆಡುಕಾಯಿತೇ ಎಂದು ಕೇಳಿದವರು ಕಡಿಮೆ. ಶಿಬಿರದ ಕೊನೆಗೆ ಪ್ರಶ್ನಾವಳಿ ಹಂಚಿದರೆ ಆರನೇ ದಿನವೇ ಗಂಟುಮೂಟೆ ಕಟ್ಟಿದವರು ಲೆಕ್ಕಕ್ಕೇ ಸಿಗುವುದಿಲ್ಲ. ಹೀಗೆ ಬಂದ ಫಲಿತಾಂಶ ಪತ್ರಿಕೆಗಳಿಂದ ಆಫೀಸಿಗೆ, ಶಾಲೆಗೆ, ಮೊಬೈಲ್ ಆ್ಯಪಿಗೆ ಹರಿಯಿತು. ಗುರು ಹೇಳಿದ ಎಚ್ಚರ ಅದರ ಜೊತೆ ಹೋಗಲಿಲ್ಲ.

ಕೆಡುಕಿನ ಬಗ್ಗೆ ಕೇಳಿದವರಿಗೆ ಉತ್ತರ ಸಿಕ್ಕಿದೆ. 1992ರಲ್ಲಿ ಸಂಶೋಧಕ ಡೀನ್ ಶಪಿರೊ 27 ಸಾಧಕರನ್ನು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಒಂದಾದರೂ ತೊಂದರೆ ಹೇಳಿಕೊಂಡರು. 83 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2020ರ ಸಮೀಕ್ಷೆಯ ಅಂದಾಜಿನಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ತೊಂದರೆ. ಆತಂಕ, ಖಿನ್ನತೆಯೇ ಹೆಚ್ಚು. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ನಡೆದ ಪ್ರಯೋಗದ ಫಲ 2022ರಲ್ಲಿ ಹೊರಬಂತು. ತರಗತಿಯಲ್ಲಿ ಕಲಿಸಿದ ಧ್ಯಾನದಿಂದ ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮೊದಲೇ ಮನಸ್ಸು ಬಳಲಿದ್ದ ಮಕ್ಕಳಲ್ಲಿ ಕೆಲವರ ಸ್ಥಿತಿ ತುಸು ಕೆಟ್ಟಿತ್ತು. ಯಾರಿಗಾಗಿ ಇಷ್ಟೆಲ್ಲ ಮಾಡಿದರೋ ಆ ಮಕ್ಕಳಿಗೇ ಹೀಗಾದದ್ದು ನನ್ನನ್ನು ಬಹಳ ಕಾಡುತ್ತದೆ.

ಶಿಬಿರದ ಅರ್ಜಿಯಲ್ಲಿ ಮನೋರೋಗದ ಹಿನ್ನೆಲೆಯನ್ನೂ ಸೇವಿಸುವ ಮಾತ್ರೆಗಳನ್ನೂ ಕೇಳುತ್ತಾರೆ. ಎಷ್ಟೋ ಪ್ರಬಂಧಗಳಿಗಿಂತ ಆ ಅಂಕಣ ಹೆಚ್ಚು ಪ್ರಾಮಾಣಿಕ ಎನ್ನುತ್ತೇನೆ. ಇನ್ನು ಬೇಕಾದದ್ದು, ಮನೆಗೆ ಮರಳಿದವರನ್ನೂ ಅರ್ಧಕ್ಕೇ ಎದ್ದುಹೋದವರನ್ನೂ ಕೆಲ ತಿಂಗಳ ಬಳಿಕ ಹುಡುಕಿ ವಿಚಾರಿಸುವ ಸಂಶೋಧನೆ. ಇಗತಪುರಿಗೋ ಬೆಂಗಳೂರಿನ ಬಳಿಯ ಧಮ್ಮ ಪಫುಲ್ಲಕ್ಕೋ ಹೊರಟಿದ್ದರೆ ಆ ಅಂಕಣವನ್ನು ಮುಚ್ಚುಮರೆಯಿಲ್ಲದೆ ತುಂಬಿ. ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ; ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.