ಪೀಪಾಯಿಗೆ ಶಾಸನವಿಲ್ಲ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ದಾನಶಾಸನಗಳನ್ನು ಓದುವಾಗ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅವುಗಳ ಕೊನೆಯ ಭಾಗ. ಕೊಟ್ಟವರು ಯಾರು, ಕೊಟ್ಟದ್ದು ಏನು ಎಂಬುದೆಲ್ಲ ಮುಗಿದ ಮೇಲೆ ಶಾಪಾಶಯ ಬರುತ್ತದೆ: ಈ ದಾನವನ್ನು ಅಳಿದವನಿಗೆ ಗೋಹತ್ಯೆಯ ಪಾಪ. ಬೆದರಿಕೆಯಂತೆ ಕೇಳುವ ಈ ಮಾತಿನಲ್ಲಿ ಒಂದು ವಿವೇಕವಿದೆ. ಊರು ಒಂದು ದಿನ ಕೈ ಬದಲಾಯಿಸುತ್ತದೆ ಎಂದು ಬರೆಸಿದವನಿಗೆ ಗೊತ್ತು. ಹಾಗಾಗಿ ಮುಂದಿನ ಒಡೆಯನೊಡನೆ ಈಗಲೇ ಮಾತಾಡಿಬಿಡುತ್ತಾನೆ.

ವಿಸ್ಕಿ ಬಾಟಲಿಯ ಲೇಬಲ್ಲನ್ನೂ ಹೀಗೆ ಓದಬಹುದು. 2007ರಲ್ಲಿ ಬೆಂಗಳೂರಿನ ಯುಬಿ ಸಮೂಹ ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೇ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. ಭಟ್ಟಿಗಳ ಜೊತೆಗೆ ಉಗ್ರಾಣಗಳಲ್ಲಿ ಮಾಗುತ್ತಿದ್ದ ಪೀಪಾಯಿಗಳೂ ಬಂದವು. 1995ರಲ್ಲಿ ಮುಚ್ಚಿದ್ದ ಟ್ಯಾಮ್ನವೂಲಿನ್ ಭಟ್ಟಿ ಅದೇ ವರ್ಷ ಮತ್ತೆ ಶುರುವಾಯಿತು. ಆದರೆ ಪೀಪಾಯಿಗಿದ್ದ ತಾಳ್ಮೆ ಒಡೆತನಕ್ಕಿರಲಿಲ್ಲ. ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೋ ಕೈಸೇರಿದಾಗ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ತಕರಾರು ತೆಗೆದರು. 2014ರಲ್ಲಿ ವೈಟ್ ಅಂಡ್ ಮೆಕೇ 43 ಕೋಟಿ ಪೌಂಡಿಗೆ ಫಿಲಿಪ್ಪೀನ್ಸಿನ ಎಂಪೆರಡಾರ್ ಪಾಲಾಯಿತು. ಇನ್ನೂ ಬಾಟಲಿ ಕಾಣದ ವಿಸ್ಕಿಯೂ ಅದರೊಂದಿಗೆ ಹೋಯಿತು.

2016ರಲ್ಲಿ ಭಟ್ಟಿಗೆ 50 ತುಂಬಿದಾಗ ಟ್ಯಾಮ್ನವೂಲಿನ್ ಡಬಲ್ ಕ್ಯಾಸ್ಕ್ ಹೊರಬಂತು. ಲೇಬಲ್ಲಿನಲ್ಲಿ ಹಳ್ಳಿಯ ಹೆಸರಿದೆ, ಪೀಪಾಯಿಯ ಬಗೆ ಇದೆ, ವಯಸ್ಸಿಲ್ಲ. ತೇದಿಯಿಲ್ಲದ ಶಾಸನದ ಕಾಲವನ್ನು ಒಳಗಿನ ಆಧಾರಗಳಿಂದ ನಿರ್ಣಯಿಸುವಂತೆ ಇಲ್ಲೂ ಲೆಕ್ಕ ಹಾಕಬಹುದು. ಸ್ಕಾಚ್ ಎನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕೆಂಬುದು ಅಲ್ಲಿನ ಕಾನೂನು. ಹಾಗಾದರೆ ಆ ವರ್ಷದ ಬಾಟಲಿಗಳಲ್ಲಿದ್ದ ಒಂದೊಂದು ಹನಿಯೂ 2013 ಮುಗಿಯುವುದರೊಳಗೆ, ಅಂದರೆ ಮಾರಾಟಕ್ಕೆ ಮೊದಲೇ, ಭಟ್ಟಿಯಿಳಿದದ್ದು. ಹೊಸ ಒಡೆಯನ ಬಾಟಲಿಯಲ್ಲಿ ಇದ್ದದ್ದೆಲ್ಲ ಹಳೆಯ ಒಡೆತನದ ಕಾಲ.

ಕುಡಿಯುವವನಿಗೆ ರುಚಿ ಸಾಕು, ಇತಿಹಾಸ ಯಾಕೆ ಎನ್ನಬಹುದು. ಹಿಂದಿನ ಮಾಲೀಕರಿಗೆ ಕೀರ್ತಿ ಸಲ್ಲಲಿ ಎಂಬ ವಾದವೂ ನನ್ನದಲ್ಲ. ಅವರೂ ಇನ್ನೊಬ್ಬರು ತುಂಬಿಟ್ಟ ಪೀಪಾಯಿಗಳನ್ನು ಕೊಂಡವರೇ. ನನ್ನ ತಕರಾರು ಇಷ್ಟು: ಮಾಗಿದ ಸರಕಿನ ಬೆಲೆಯಲ್ಲಿ ದೊಡ್ಡ ಪಾಲು ಕಾದ ಕಾಲದ್ದು. ಆ ಕಾಲವನ್ನು ಮಾರುತ್ತಲೇ ಅದರ ಗುರುತನ್ನು ಅಳಿಸಿದರೆ, ಭಟ್ಟಿಯ ಮುಂದೆ ನಿಂತವರ, ಪೀಪಾಯಿ ತುಂಬಿ ಉರುಳಿಸಿದವರ ದುಡಿಮೆಯೂ ಕೊಂಡವನ ಹೆಸರಿಗೇ ಜಮೆಯಾಗುತ್ತದೆ. ಬೇಲೂರಿನಲ್ಲಿ ವಿಷ್ಣುವರ್ಧನನ ಹೆಸರು ಉಳಿದಿರುವ ಗುಡಿಯಲ್ಲೇ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಹೊಯ್ಸಳರು ಹೋದರು, ಗುಡಿಗೆ ಬೇರೆ ಒಡೆಯರು ಬಂದರು. ಕೆಲಸ ಯಾರದೆಂಬ ಗೊಂದಲ ಮಾತ್ರ ಆ ಶಿಲ್ಪಗಳಿಗೆ ಬರಲಿಲ್ಲ.

ಬಾಟಲಿಗೆ ಶಾಪಾಶಯ ಬೇಡ. ಪೀಪಾಯಿ ತುಂಬಿದ ವರ್ಷ ಅಚ್ಚಾದರೂ ಸಾಕು. ಹಾಗೆ ಅಚ್ಚು ಹಾಕಿಸುವ ಕಂಪನಿಗಳು ಈಗಲೂ ಇವೆ. ಉಳಿದದ್ದನ್ನು ಓದುಗ ಲೆಕ್ಕ ಹಾಕಿಕೊಳ್ಳುತ್ತಾನೆ.