ಗಡುವಿಲ್ಲದ ಪಥ್ಯ

ಕರುಳಿನ ಉರಿಯೂತದ ಕಾಯಿಲೆಗಳಾದ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾದ ದಿನವೇ ಮನೆಯ ಅಡುಗೆ ಬದಲಾಗುತ್ತದೆ. ಹಾಲು ಬೇಡ, ಖಾರ ಬೇಡ. ಬೇಳೆ ವಾಯು, ಮೊಟ್ಟೆ ಉಷ್ಣ. ಡಾಕ್ಟರು ಎರಡು ಹೇಳಿದರೆ ನೆಂಟರು ನಾಲ್ಕು ಸೇರಿಸುತ್ತಾರೆ, ವಾಟ್ಸಾಪು ಎಂಟು. ಕಡೆಗೆ ತಟ್ಟೆಯಲ್ಲಿ ಉಳಿಯುವುದು ಗಂಜಿ, ಮಜ್ಜಿಗೆ. ಮಾತ್ರೆಗಳನ್ನು ಪರೀಕ್ಷೆಗೆ ಒಡ್ಡುವ ನಾವು ಈ ಪಥ್ಯವನ್ನು ಮಾತ್ರ ಪ್ರಶ್ನಿಸದೆ ಬಿಟ್ಟಿದ್ದೇವೆ.

ಪಥ್ಯಕ್ಕೆ ಕಾರಣವೇ ಇಲ್ಲವೆಂದಲ್ಲ. ಕರುಳು ಒಂದೆಡೆ ಕಿರಿದಾಗಿದ್ದರೆ ನಾರು ಸಿಕ್ಕಿಕೊಂಡು ಹೊಟ್ಟೆ ಕಟ್ಟಬಹುದು. ಭೇದಿ ಜೋರಾದಾಗ ಹಾಲು ಕೆಲವರಿಗೆ ಒಗ್ಗದು. ಆದರೆ ರೋಗ ಕೆರಳಿದಾಗಲೇ ದೇಹದ ಖರ್ಚೂ ಏರುತ್ತದೆ. ಉರಿಯೂತದ ಕರುಳು ಪ್ರೋಟೀನನ್ನು ಸೋರಿಸುತ್ತದೆ, ರಕ್ತದ ಜೊತೆ ಕಬ್ಬಿಣ ಹೋಗುತ್ತದೆ, ಸ್ಟಿರಾಯ್ಡು ಸ್ನಾಯು, ಮೂಳೆ ಎರಡನ್ನೂ ಸವೆಸುತ್ತದೆ. ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಈ ಹೊತ್ತಿನಲ್ಲಿ ದೊಡ್ಡವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ. 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ ಆಯಿತು. 150 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಗುವುದು ಸುಮಾರು 12 ಗ್ರಾಂ. ಎರಡು ಲೋಟ ನೀರುಮಜ್ಜಿಗೆ ಸೇರಿಸಿದರೂ 20 ಮುಟ್ಟದು.

ಸಂಪ್ರದಾಯದ ಹೆಸರಿನಲ್ಲಿ ಈ ಗಂಜಿ ಪಥ್ಯವನ್ನು ಸಮರ್ಥಿಸುವವರಿಗೆ ಆ ಸಂಪ್ರದಾಯವೇ ಉತ್ತರ ಕೊಡುತ್ತದೆ. ಆಯುರ್ವೇದದಲ್ಲಿ ದೇಹಶುದ್ಧಿಯ ಶೋಧನ ಚಿಕಿತ್ಸೆಯ ಬಳಿಕ ಪಾಲಿಸುವ ಸಂಸರ್ಜನ ಕ್ರಮ ಗಂಜಿಯಲ್ಲಿ ಶುರುವಾಗುತ್ತದೆ ನಿಜ, ಆದರೆ ಅಲ್ಲೇ ನಿಲ್ಲುವುದಿಲ್ಲ. ತೆಳು ಗಂಜಿ, ಗಟ್ಟಿ ಗಂಜಿ, ಬೇಳೆಕಟ್ಟು, ಮಾಂಸರಸ ಎಂದು ಹತ್ತುತ್ತ ಹೆಚ್ಚೆಂದರೆ ವಾರದೊಳಗೆ ಮಾಮೂಲಿ ಊಟಕ್ಕೆ ಮರಳಬೇಕು. ನಾವು ಮೊದಲ ಮೆಟ್ಟಿಲಲ್ಲೇ ರೋಗಿಯನ್ನು ಕೂರಿಸಿಬಿಟ್ಟಿದ್ದೇವೆ, ಕೆಲವರನ್ನು ವರ್ಷಗಟ್ಟಲೆ. ಮಾತ್ರೆಯ ಮುಂದೆ ಇಷ್ಟು ದಿನ ಎಂದು ಬರೆಯುವ ಚೀಟಿಯಲ್ಲಿ ‘ಮೆತ್ತಗಿನ ಆಹಾರ’ದ ಮುಂದೆ ಏನೂ ಇರುವುದಿಲ್ಲ.

ಆಹಾರವೇ ಔಷಧಿಯಾಗುವುದು ಹೇಗೆಂದು ತೋರಿಸಿದ್ದು ಮಕ್ಕಳ ಕ್ರೋನ್ಸ್ ಚಿಕಿತ್ಸೆ. 6ರಿಂದ 8 ವಾರ ಊಟ ನಿಲ್ಲಿಸಿ ಪೂರ್ಣ ಪೋಷಕ ದ್ರವವನ್ನಷ್ಟೇ ಕೊಟ್ಟರೆ ರೋಗ ಹತೋಟಿಗೆ ಬರುವುದರಲ್ಲಿ ಅದು ಸ್ಟಿರಾಯ್ಡಿಗೆ ಕಡಿಮೆಯಿಲ್ಲ, ಬೆಳವಣಿಗೆಯೂ ಕುಂಠಿತವಾಗದು. ಕೊಲೈಟಿಸ್‌ಗೆ ಈ ಗುಣ ಸಿಕ್ಕಿಲ್ಲ, ದೊಡ್ಡವರಲ್ಲಿ ಹಲವರು ರುಚಿ ತಾಳದೆ ಅರ್ಧಕ್ಕೇ ಬಿಡುತ್ತಾರೆ. 2019ರಲ್ಲಿ ಇಸ್ರೇಲ್, ಕೆನಡಾಗಳ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಒಂದು ಗುಂಪಿಗೆ ಆಯ್ದ ಊಟವನ್ನೂ ದ್ರವವನ್ನೂ ಬೆರೆಸಿ, ಇನ್ನೊಂದಕ್ಕೆ ದ್ರವವನ್ನಷ್ಟೇ ಕೊಟ್ಟಿತು. 6 ವಾರಕ್ಕೆ ಫಲ ಹೆಚ್ಚುಕಡಿಮೆ ಸಮ, ಆದರೆ ಊಟವಿದ್ದ ಗುಂಪಿನ ಮಕ್ಕಳು ಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಂಡರು. ನನಗಿದು ಮೆಚ್ಚುಗೆಯಾಗುವುದು ಬೇಡದ ಪಟ್ಟಿಯ ಜೊತೆ ತಿನ್ನಲೇಬೇಕಾದ ಪಟ್ಟಿಯೂ ಇರುವುದರಿಂದ: ಕೋಳಿ, ಮೊಟ್ಟೆ, ಬಾಳೆಹಣ್ಣು, ಆಲೂಗಡ್ಡೆ. ಹಾಗೆಂದು ಈ ಪಥ್ಯವನ್ನು ಹಾಗೇ ಇಲ್ಲಿಗೆ ಎತ್ತಿ ತರುವಂತಿಲ್ಲ. ಮೊಟ್ಟೆ ಮುಟ್ಟದ ಮನೆಯಲ್ಲಿ ಆ ಪಥ್ಯದ ನಿಷೇಧಗಳನ್ನಷ್ಟೇ ಪಾಲಿಸಿದರೆ ಹಾಲೂ ಹೋಯಿತು, ಗೋಧಿಯೂ ಹೋಯಿತು. ತಿರುಗಿ ಅನ್ನ, ಆಲೂಗಡ್ಡೆಗೇ ಬಂದು ನಿಂತೆವು. ತಿಂಗಳುಗಟ್ಟಲೆ ಪೋಷಕ ದ್ರವದ ಡಬ್ಬಿ ಕೊಳ್ಳುವುದು ಕೂಲಿ ಮಾಡುವವರ ಮಾತಂತೂ ಅಲ್ಲ.

ಇನ್ನೊಂದು ಎಡವಟ್ಟು ಕಣ್ಣಳತೆಯದು. ಸ್ಟಿರಾಯ್ಡಿನಿಂದ ಮುಖ ಊದಿಕೊಂಡವರನ್ನು ‘ಪರವಾಗಿಲ್ಲ, ಮೈ ಕೈ ತುಂಬಿಕೊಂಡಿದ್ದೀಯ’ ಎಂದು ಹೊಗಳುತ್ತೇವೆ. ತೊಡೆ, ತೋಳು ಕರಗಿದ್ದು ಬಟ್ಟೆಯೊಳಗೆ ಕಾಣದು. ತೂಕದ ಅಂಕಿಯೂ ಮೋಸ ಮಾಡುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಇದು ಬಯಲಾಗುತ್ತದೆ. ತೀವ್ರ ಅಪೌಷ್ಟಿಕತೆ ಇದ್ದು ತುರ್ತು ಇಲ್ಲದಿದ್ದರೆ 7ರಿಂದ 14 ದಿನ ಶಸ್ತ್ರಚಿಕಿತ್ಸೆ ಮುಂದೂಡಿ ಮೊದಲು ಪೋಷಣೆ ಕೊಡಿ ಎನ್ನುತ್ತದೆ ಎಸ್ಪೆನ್. ಎರಡು ವರ್ಷದ ಗಂಜಿಯ ಸಾಲವನ್ನು ಎರಡು ವಾರದಲ್ಲಿ ತೀರಿಸುವ ಕೆಲಸ ಆಗ ಡಯಟೀಷಿಯನ್ ತಲೆಗೆ ಬರುತ್ತದೆ.